ಪಂಪಿನ ದನಿ ಬದಲಾದಾಗ

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿರುವ ನಮ್ಮ ಮನೆಯಲ್ಲಿ ಸಂಪಿನಿಂದ ನೀರೆತ್ತುವ ಮೋಟಾರಿಗೆ ಒಮ್ಮೆ ಕಸ ಸಿಕ್ಕಿಕೊಂಡಿತು. ಬಿಚ್ಚುವ ಮೊದಲೇ ಮೆಕ್ಯಾನಿಕ್ ಅದನ್ನು ಹೇಳಿಬಿಟ್ಟ. ಮೋಟಾರಿನ ದನಿ ಬದಲಾಗಿತ್ತು, ಮೀಟರಿನ ಮುಳ್ಳು ಹೆಚ್ಚು ಕರೆಂಟು ತೋರಿಸುತ್ತಿತ್ತು. ವಿದ್ಯಾರ್ಥಿ ಮಿತ್ರರೇ, ಎದೆಯೊಳಗೆ ಜೋಡಿಸಿದ ಪಂಪಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಏನು ಮಾಡಬೇಕು? ಅದನ್ನು ಬಿಚ್ಚಿ ನೋಡುವಂತಿಲ್ಲ. ಹೊರಗಿನಿಂದಲೇ ಪತ್ತೆಹಚ್ಚಬೇಕು.

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಪ್ರಾಣರಕ್ಷಣೆಗಾಗಿ. ಆದರೆ ಲೋಹ, ಪ್ಲಾಸ್ಟಿಕ್ಕುಗಳನ್ನು ತಾಗಿದರೂ, ಮೂಲೆಯಲ್ಲಿ ನಿಂತರೂ ಅದು ಹೆಪ್ಪುಗಟ್ಟುತ್ತದೆ. 1982ರಲ್ಲಿ ಅಮೆರಿಕದ ಯೂಟಾದಲ್ಲಿ ದಂತವೈದ್ಯ ಬಾರ್ನಿ ಕ್ಲಾರ್ಕ್ ಅವರಿಗೆ ಜಾರ್ವಿಕ್-7 ಕೃತಕ ಹೃದಯ ಜೋಡಿಸಲಾಯಿತು. ಅವರು 112 ದಿನ ಬದುಕಿದರು. 1984ರಲ್ಲಿ ಅದೇ ಯಂತ್ರ ಪಡೆದ ವಿಲಿಯಂ ಶ್ರೋಡರ್ 620 ದಿನ ಬದುಕಿದರೂ ಮತ್ತೆ ಮತ್ತೆ ಪಾರ್ಶ್ವವಾಯುವಿಗೆ ತುತ್ತಾದರು. ಹೆಪ್ಪಿನ ಚೂರು ಮೆದುಳಿನ ರಕ್ತನಾಳವನ್ನು ಮುಚ್ಚಿದರೆ ಹೀಗಾಗುತ್ತದೆ.

ಮುಂದೆ, ಹೃದಯವನ್ನು ತೆಗೆಯದೆ ಅದರ ಎಡ ಹೃತ್ಕುಕ್ಷಿಗೆ ನೆರವಾಗುವ, ಸದಾ ತಿರುಗುವ ಪುಟ್ಟ ಪಂಪುಗಳು ಬಂದವು. 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲೂ ಇಂಥ ಪಂಪನ್ನು ರೋಗಿಯೊಬ್ಬರಿಗೆ ಜೋಡಿಸಲಾಯಿತು.

ಅದೇ ಬಗೆಯ ಹಾರ್ಟ್‌ಮೇಟ್-2 ಪಂಪು ಸಾವಿರಾರು ಜನರನ್ನು ಬದುಕಿಸಿತು. ಆದರೆ 2014ರಲ್ಲಿ ಅಮೆರಿಕದ ಮೂರು ಆಸ್ಪತ್ರೆಗಳ ವೈದ್ಯರು ಆತಂಕದ ಸುದ್ದಿ ತಂದರು. ಜೋಡಿಸಿದ ಮೂರೇ ತಿಂಗಳಲ್ಲಿ ಹೆಪ್ಪುಗಟ್ಟುವ ಪ್ರಮಾಣ ನೂರಕ್ಕೆ 2.2 ಇದ್ದದ್ದು 2013ರ ಆರಂಭಕ್ಕೆ 8.4ಕ್ಕೆ ಏರಿತ್ತು. ಪಂಪು ಬದಲಿಸದೆ, ಹೃದಯ ಕಸಿಯನ್ನೂ ಮಾಡದೆ ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ಸಾಯುವ ಲೆಕ್ಕ ಕಂಡಿತು.

ಆದರೆ ಅದೇ ಅಧ್ಯಯನ ಒಂದು ಸುಳಿವನ್ನೂ ಕೊಟ್ಟಿತು. ಹೆಪ್ಪು ಕಿರಿದಾಗಿಸಿದ ದಾರಿಯಲ್ಲಿ ನುಗ್ಗುವ ಕೆಂಪು ರಕ್ತಕಣಗಳು ಒಡೆಯುತ್ತವೆ. ಅವುಗಳೊಳಗಿನ ಎಲ್‌ಡಿಹೆಚ್ ಎಂಬ ಕಿಣ್ವ ರಕ್ತಕ್ಕೆ ಸೇರುತ್ತದೆ. ರೋಗ ಪತ್ತೆಯಾಗುವ ಕೆಲವು ವಾರ ಮೊದಲೇ ಈ ಕಿಣ್ವ ಎರಡು ಪಟ್ಟಿಗೂ ಹೆಚ್ಚು ಏರಿತ್ತು. ಮೂತ್ರ ಕಡುಬಣ್ಣಕ್ಕೆ ತಿರುಗುವುದೂ ಇದರ ಗುರುತೇ.

ಇನ್ನೊಂದು ಸುಳಿವು ವಿದ್ಯುತ್ತಿನದು. ತಿರುಗುವ ಭಾಗಕ್ಕೆ ಹೆಪ್ಪು ಅಂಟಿದರೆ ಅದೇ ವೇಗಕ್ಕೆ ಪಂಪು ಹೆಚ್ಚು ವಿದ್ಯುತ್ ಎಳೆಯುತ್ತದೆ. ಆದರೆ ರಕ್ತ ಒಳಬರುವ ಕೊಳವೆಯೇ ಕಟ್ಟಿಕೊಂಡರೆ ಬಳಕೆ ಇಳಿಯಲೂಬಹುದು. ಹಾಗಾಗಿ ಒಂದೇ ಅಂಕಿಯನ್ನು ನಂಬುವಂತಿಲ್ಲ. ವೈದ್ಯರು ಪಂಪಿನ ವೇಗವನ್ನು ಹಂತಹಂತವಾಗಿ ಏರಿಸುತ್ತಾ ಎಕೋ ಯಂತ್ರದಲ್ಲಿ ಹೃದಯವನ್ನು ನೋಡುತ್ತಾರೆ. ವೇಗ ಹೆಚ್ಚಿದಂತೆ ಎಡ ಹೃತ್ಕುಕ್ಷಿ ಕುಗ್ಗಬೇಕು. ಕುಗ್ಗದಿದ್ದರೆ ಒಳಗೆ ಅಡ್ಡಿಯಿದೆ ಎಂಬ ಅನುಮಾನ. ಪಂಪಿನ ಸದ್ದಿನ ಕಂಪನಗಳನ್ನು ಅಳೆದು ಹೆಪ್ಪು ಗುರುತಿಸುವ ಸಂಶೋಧನೆಯೂ ನಡೆದಿದೆ.

2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಹಾರ್ಟ್‌ಮೇಟ್-3ರಲ್ಲಿ ತಿರುಗುವ ಭಾಗ ಕಾಂತಬಲದಿಂದ ತೇಲುತ್ತದೆ. ಎರಡು ಸೆಕೆಂಡಿಗೊಮ್ಮೆ ವೇಗ ಬದಲಿಸಿ, ರಕ್ತ ನಿಲ್ಲದಂತೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಹೆಪ್ಪುಗಟ್ಟುವುದು ಬಹಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಹೀಗಾಗಿ ರೋಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಲೇ ಇರಬೇಕು, ಪಂಪಿನ ಅಂಕಿಗಳನ್ನು ದಿನವೂ ಬರೆದಿಡಬೇಕು. ಅಪಾಯದ ಮೊದಲ ಸುದ್ದಿ ಆ ಪುಸ್ತಕದಲ್ಲೇ ಕಾಣಿಸಬಹುದು.