ಮನೆತನದ ಚರಿತ್ರೆಗೆ ಆಕರಗಳು: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ವಿಚಾರ

ಅರಸು ಮನೆತನಗಳ ಚರಿತ್ರೆಗೆ ಶಾಸನ, ಕಾವ್ಯ, ಬಖೈರುಗಳ ಬೆಂಬಲವುಂಟು. ಅಡಕೆ ತೋಟವನ್ನು ಬೆಳೆಸಿದವರ, ಪೇಟೆಯಲ್ಲಿ ಅಂಗಡಿಯಿಟ್ಟವರ, ಗೇಣಿಗೆ ಗದ್ದೆಯನ್ನು ಉತ್ತವರ ಮನೆತನಗಳಿಗೆ ಅಂತಹ ಬೆಂಬಲ ಸುಲಭವಾಗಿ ದೊರೆಯುವುದಿಲ್ಲ. ಅಜ್ಜನ ಅಜ್ಜನ ಹೆಸರೇನೆಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಮೌನವೇ ಉತ್ತರವಾಗಿರುತ್ತದೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಈ ಮೌನಕ್ಕೆ ಆಕರಗಳ ಅಭಾವ ಕಾರಣವೆಂದು ಭಾವಿಸುವುದುಂಟು. ವಸ್ತುತಃ ಆಕರಗಳು ಇವೆ. ಅವು ನಾಲ್ಕಾರು ರಾಜ್ಯಗಳ ಭಂಡಾರಗಳಲ್ಲಿ ಚದುರಿಹೋಗಿವೆ. ಆದುದರಿಂದ ಮನೆತನದ ಚರಿತ್ರೆಯನ್ನು ಶೋಧಿಸಹೊರಟವನು ‘ದಾಖಲೆ ಎಲ್ಲಿದೆ?’ ಎಂದು ಕೇಳುವುದಕ್ಕೆ ಮುನ್ನ ‘ಆ ಕಾಲದಲ್ಲಿ ಈ ಸೀಮೆ ಯಾವ ಕಚೇರಿಗೆ ಕಂದಾಯ ಕಟ್ಟುತ್ತಿತ್ತು?’ ಎಂದು ಕೇಳಿಕೊಳ್ಳಬೇಕಾಗುತ್ತದೆ.

ವಿಜಯನಗರದ ಕಾಲದಿಂದ ಈಚೆಗೆ ಈ ಸೀಮೆಯನ್ನು ಆಳಿದವರಲ್ಲಿ ಸೋದೆಯ ಅರಸರೂ ಬಿಳಗಿಯ ಅರಸರೂ ಮುಖ್ಯರು. ಸೋದೆ ಇಂದಿನ ಶಿರಸಿ ತಾಲ್ಲೂಕಿನಲ್ಲಿಯೂ ಬಿಳಗಿ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಇವೆ. ದಕ್ಷಿಣಕ್ಕೆ ಕೆಳದಿಯ ಸಂಸ್ಥಾನವಿತ್ತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಬೆನ್ನಿಗೆ ಸೋದೆಯೂ ಅವನ ಕೈಸೇರಿತು; ಸೋದೆಯ ಅರಸನು ಗೋವೆಯಲ್ಲಿ ಪೋರ್ಚುಗೀಸರ ಆಶ್ರಯವನ್ನು ಪಡೆದನು. ೧೭೯೯ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಮದರಾಸು ಆಧಿಪತ್ಯಕ್ಕೆ ಒಳಪಟ್ಟಿತು. ಮುಂದೆ ಕೆನರಾ ಜಿಲ್ಲೆ ಉತ್ತರ, ದಕ್ಷಿಣವೆಂದು ಎರಡಾಗಿ, ೧೮೬೨ರಲ್ಲಿ ಉತ್ತರ ಭಾಗವು ಮುಂಬಯಿ ಆಧಿಪತ್ಯಕ್ಕೆ ವರ್ಗವಾಯಿತು. ೧೯೫೬ರ ನವೆಂಬರ್ ೧ರಂದು ಅದು ವಿಶಾಲ ಮೈಸೂರು ರಾಜ್ಯದಲ್ಲಿ ಸೇರಿತು. ಆ ರಾಜ್ಯವೇ ೧೯೭೩ರಿಂದ ಕರ್ನಾಟಕವೆನಿಸಿದೆ.

ಈ ಇಸವಿಗಳು ಶೋಧಕನಿಗೆ ದಾರಿಯ ಕೈಮರಗಳಿದ್ದಂತೆ. ೧೮೬೨ಕ್ಕೆ ಹಿಂದಿನ ಜಿಲ್ಲಾ ಕಾಗದಪತ್ರಗಳನ್ನು ಚೆನ್ನೈಯ ತಮಿಳುನಾಡು ಪತ್ರಾಗಾರದಲ್ಲಿಯೂ, ೧೮೬೨ರಿಂದ ೧೯೫೬ರ ವರೆಗಿನ ಮೇಲ್ಮಟ್ಟದ ಕಂದಾಯ, ಅರಣ್ಯ ವ್ಯವಹಾರಗಳನ್ನು ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿಯೂ, ತರುವಾಯದವನ್ನು ಬೆಂಗಳೂರಿನಲ್ಲಿಯೂ ಕಾರವಾರದಲ್ಲಿಯೂ ಅರಸಬೇಕು. ಸೋದೆಯ ಅರಸರಿಗೂ ಪೋರ್ಚುಗೀಸರಿಗೂ ನಡೆದ ಪತ್ರವ್ಯವಹಾರ ಪಣಜಿಯ ಪತ್ರಾಗಾರದಲ್ಲಿದೆ. ತಾಲ್ಲೂಕಿನ ಎಲ್ಲೆಗಳೂ ಸ್ಥಿರವಾಗಿರಲಿಲ್ಲವೆಂಬುದನ್ನು ಮರೆಯಬಾರದು. ಮುಂಡಗೋಡವು ಹಿಂದೆ ಯಲ್ಲಾಪುರ ತಾಲ್ಲೂಕಿನ ಅಂಗವಾಗಿದ್ದುದರಿಂದ ಅಲ್ಲಿಯ ಮನೆತನಗಳ ಹಳೆಯ ಉಲ್ಲೇಖಗಳು ಯಲ್ಲಾಪುರದ ಹೆಸರಿನಡಿ ದೊರೆಯುತ್ತವೆ.

ಮುದ್ರಿತ ಆಕರಗಳಲ್ಲಿ ಮೊದಲು ನೋಡತಕ್ಕವು ಮೂರು. ಫ್ರಾನ್ಸಿಸ್ ಬುಕನನ್ ೧೮೦೧ರಲ್ಲಿ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳ ಮಾರ್ಗವಾಗಿ ಸಂಚರಿಸಿ ಬರೆದ ಪ್ರವಾಸಗ್ರಂಥವು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅಂದಿನ ತೋಟಗಾರಿಕೆ, ಭೂಹಿಡುವಳಿ, ಜನಸಮುದಾಯಗಳ ಸ್ಥಿತಿ ಅದರಲ್ಲಿ ವರ್ಣಿತವಾಗಿದೆ. ಎರಡನೆಯದು ೧೮೮೩ರಲ್ಲಿ ಹೊರಬಂದ ಮುಂಬಯಿ ಗ್ಯಾಸೆಟಿಯರಿನ ೧೫ನೆಯ ಸಂಪುಟ. ಎರಡು ಭಾಗಗಳ ಈ ಗ್ರಂಥ ಸಂಪೂರ್ಣವಾಗಿ ಕೆನರಾ ಜಿಲ್ಲೆಗೇ ಮೀಸಲಾಗಿದೆ. ಮೂರನೆಯದು ೧೯೮೫ರ ಉತ್ತರ ಕನ್ನಡ ಜಿಲ್ಲಾ ಗ್ಯಾಸೆಟಿಯರು. ಇವುಗಳಲ್ಲಿ ಸಾಮಾನ್ಯ ಮನೆತನದ ಹೆಸರು ಸಿಕ್ಕುವುದು ವಿರಳ. ಆದರೆ ಒಂದು ಸಮುದಾಯ ಯಾವ ಕಾಲದಲ್ಲಿ ಯಾವ ಊರಲ್ಲಿ ಯಾವ ವೃತ್ತಿಯಲ್ಲಿತ್ತೆಂಬ ಹಿನ್ನೆಲೆ ದೊರೆಯುತ್ತದೆ. ಈ ಹಿನ್ನೆಲೆಯಿಲ್ಲದೆ ಹೆಸರುಗಳ ಪಟ್ಟಿ ಚರಿತ್ರೆಯಾಗಲಾರದು.

ಹೆಸರುಗಳು ದೊರೆಯುವುದು ತಾಲ್ಲೂಕು ಕಚೇರಿಯ ಕಾಗದಗಳಲ್ಲಿ. ಮುಂಬಯಿ ಸರ್ಕಾರದ ಕಾಲದ ಸರ್ವೆ ದಾಖಲೆಗಳು, ೧೯೦೩ರ ಕಾಯಿದೆಯಿಂದ ಆರಂಭವಾದ ಹಕ್ಕುದಾಖಲೆಗಳು, ಅವುಗಳನ್ನು ಅನುಸರಿಸಿ ಬಂದ ಪಹಣಿ ಮತ್ತು ಹಕ್ಕು ಬದಲಾವಣೆಯ ವಹಿಗಳು ಮನೆತನದ ಚರಿತ್ರೆಗೆ ಬೆನ್ನೆಲುಬು. ಹಿಡುವಳಿದಾರನು ತೀರಿಕೊಂಡಾಗ ವಾರಸುದಾರರ ಹೆಸರುಗಳನ್ನು ದಾಖಲಿಸುವ ಕ್ರಮವಿದ್ದುದರಿಂದ ಒಂದೊಂದು ಬದಲಾವಣೆಯೂ ಒಂದೊಂದು ಕಿರು ವಂಶಾವಳಿಯೇ ಆಗಿದೆ. ‘ಬಿನ್’ ಎಂಬುದು ತಂದೆಯನ್ನೂ ‘ಕೋಂ’ ಎಂಬುದು ಗಂಡನನ್ನೂ ಸೂಚಿಸುತ್ತದೆ. ಹೆಣ್ಣುಮಕ್ಕಳ ಹೆಸರುಗಳು ಹಳೆಯ ವಹಿಗಳಲ್ಲಿ ವಿರಳ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯ ತರುವಾಯ ವಾರಸುದಾರರ ಸಾಲಿನಲ್ಲಿ ಅವು ಕಾಣತೊಡಗುತ್ತವೆ. ಅದಕ್ಕೂ ಹಿಂದಿನ ಸ್ತ್ರೀಯರನ್ನು ದತ್ತಕಪತ್ರ, ದಾನಪತ್ರ, ಜೀವನಾಂಶದ ಕರಾರುಗಳಲ್ಲಿ ಅರಸಬೇಕು. ಅವು ಉಪನೋಂದಣಿ ಕಚೇರಿಯ ದಫ್ತರದಲ್ಲಿರುತ್ತವೆ. ಹಳೆಯ ಕನ್ನಡ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ವಿದ್ಯಾರ್ಥಿಯ ಜನ್ಮದಿನ, ಪಾಲಕರ ಹೆಸರು, ಊರುಗಳು ನಮೂದಾಗಿರುತ್ತವೆ. ಜನಗಣತಿಯ ವೈಯಕ್ತಿಕ ವಿವರಗಳು ಮಾತ್ರ ಕಾನೂನಿನ ಪ್ರಕಾರ ಗೋಪ್ಯವಾಗಿರುವುದರಿಂದ ಅವುಗಳ ಆಸೆಯನ್ನು ಇಟ್ಟುಕೊಳ್ಳಲಾಗದು.

ಹಕ್ಕುದಾಖಲೆಯಲ್ಲಿ ಹಠಾತ್ತನೆ ಒಂದು ಮನೆತನದ ಹೆಸರು ಮರೆಯಾಗಿ, ಕೆಲವು ವರ್ಷಗಳ ತರುವಾಯ ಮತ್ತೆ ಕಾಣಿಸಿದರೆ ಶೋಧಕನು ಚಕಿತನಾಗಬೇಕಿಲ್ಲ. ೧೯೩೦ರಿಂದ ೧೯೩೨ರ ಕಾಯಿದೆಭಂಗ ಚಳವಳಿಯ ದಿನಗಳಲ್ಲಿ ಶಿರಸಿ, ಸಿದ್ದಾಪುರ ಭಾಗದ ಅನೇಕ ರೈತರು ಕರನಿರಾಕರಣೆ ಮಾಡಿ ಜಮೀನನ್ನು ಕಳೆದುಕೊಂಡರು. ೧೯೩೭ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಜಪ್ತಾದ ಜಮೀನುಗಳನ್ನು ಮರಳಿಸುವ ಕ್ರಮ ನಡೆಯಿತು. ಒಂದು ಮನೆತನದ ತ್ಯಾಗವು ಹೀಗೆ ಶುಷ್ಕವಾದ ಕಂದಾಯ ವಹಿಯ ಎರಡು ಸಾಲುಗಳಲ್ಲಿ ಅಡಗಿರಬಹುದು.

ಆದರೆ ಈ ದಾಖಲೆಗಳೆಲ್ಲ ಮುಖ್ಯವಾಗಿ ಭೂಮಿಯುಳ್ಳವರನ್ನು ಕುರಿತವು. ಮೂಲಗೇಣಿದಾರನಿಗೆ ಕಾಗದದ ಆಧಾರವಿರುತ್ತಿತ್ತು. ಚಾಲಗೇಣಿಯವನ ಒಪ್ಪಂದ ಎಷ್ಟೋ ವೇಳೆ ಬಾಯಿಮಾತಿನದು. ಅಂತಹ ಮನೆತನಗಳಲ್ಲಿ ಅನೇಕವು ಸರ್ಕಾರಿ ಕಾಗದದಲ್ಲಿ ಸ್ಪಷ್ಟವಾಗಿ ಮೂಡಿದುದು ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆಯ ತರುವಾಯ. ಗೇಣಿದಾರರು ನಮೂನೆ ೭ರಲ್ಲಿ ಕೊಟ್ಟ ಅರ್ಜಿಗಳು, ಭೂನ್ಯಾಯಮಂಡಳಿಗಳ ಮುಂದೆ ನುಡಿದ ಹೇಳಿಕೆಗಳು, ಸಾಕ್ಷಿಗಳ ಮಾತುಗಳು ಇವೆಲ್ಲ ಒಂದು ತಲೆಮಾರಿನ ಸ್ಮರಣೆಯ ಭಂಡಾರ. ಈ ಕಡತಗಳನ್ನು ಕೇವಲ ವ್ಯಾಜ್ಯದ ಕಾಗದಗಳೆಂದು ಬಗೆದು ಕಡೆಗಣಿಸುವುದು ಸಲ್ಲದು.

ಈ ಸೀಮೆಯ ವೀರಶೈವ ಮನೆತನಗಳ ಶೋಧಕ್ಕೆ ಇನ್ನೊಂದು ದಾರಿಯುಂಟು. ಸೋದೆಯ ಸದಾಶಿವರಾಯನಂತಹ ಅರಸನು ಸ್ವರವಚನಗಳನ್ನು ರಚಿಸಿದ ಸೀಮೆಯಿದು. ಕೆಳದಿಯ ಚರಿತ್ರೆಗೆ ಲಿಂಗಣ್ಣ ಕವಿಯ ಕೆಳದಿನೃಪವಿಜಯವಿದೆ. ಆದರೆ ಶಿರಸಿ, ಯಲ್ಲಾಪುರ ಪೇಟೆಗಳ ವ್ಯಾಪಾರಿ ಮನೆತನಗಳಲ್ಲಿ ಹಲವು ಹಾನಗಲ್ಲು, ಹಾವೇರಿ, ಹುಬ್ಬಳ್ಳಿ ಕಡೆಯ ಬಯಲುಸೀಮೆಯಿಂದ ಘಟ್ಟಕ್ಕೆ ಬಂದವು. ಅವುಗಳ ಮೂಲವನ್ನು ಹಳೆಯ ಧಾರವಾಡ ಜಿಲ್ಲೆಯ ದಾಖಲೆಗಳಲ್ಲಿಯೂ, ೧೮೧೮ಕ್ಕೆ ಹಿಂದಿನದಾದರೆ ಪುಣೆಯ ಪೇಶ್ವೆ ದಫ್ತರದ ಮೋಡಿ ಕಾಗದಗಳಲ್ಲಿಯೂ ಹುಡುಕಬೇಕು. ಬಯಲುಸೀಮೆಯ ಮೂಲಗ್ರಾಮಕ್ಕೆ ಎತ್ತಿನ ಮೇಲೆ ಗಂಟೆಯ ನಾದದೊಡನೆ ಬಂದು, ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳಿ ದವಸವನ್ನು ಪಡೆಯುವ ಹೆಳವರು ಈ ವಿಷಯದಲ್ಲಿ ನಡೆದಾಡುವ ಗ್ರಂಥಾಲಯಗಳು. ಘಟ್ಟಕ್ಕೆ ವಲಸೆ ಬಂದ ಶಾಖೆಯ ಹೆಸರು ಮೂಲಗ್ರಾಮದ ಹೆಳವನ ಹೊತ್ತಿಗೆಯಲ್ಲಿ ಉಳಿದಿರುವ ಸಂಭವವಿದೆ. ಮನೆತನದ ಗುರುಮಠದ ಕಾಣಿಕೆ, ದಾಸೋಹಗಳ ಲೆಕ್ಕವಹಿಗಳು ಮತ್ತೊಂದು ಆಕರ. ವೀರಶೈವರಲ್ಲಿ ಭೂಸಮಾಧಿಯ ಪದ್ಧತಿಯಿರುವುದರಿಂದ ಹೊಲ, ತೋಟಗಳ ಅಂಚಿನಲ್ಲಿರುವ ಹಿರಿಯರ ಸಮಾಧಿಗಳೂ ನಿಂತ ಸಾಕ್ಷಿಗಳೇ ಸರಿ.

ಗ್ರಂಥಾಲಯಗಳಲ್ಲಿ ೧೯೩೯ರಲ್ಲಿ ಸ್ಥಾಪಿತವಾದ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯೂ ಕೆಳದಿಯ ವಸ್ತುಸಂಗ್ರಹಾಲಯವೂ ಈ ಸೀಮೆಗೆ ಸಮೀಪದವು. ದೂರದ ಭಂಡಾರಗಳಿಗೆ ಹೋಗಲಾರದವರಿಗೆ ಇಂದು ಅಂತರಜಾಲವು ನೆರವಾಗಿದೆ. ಬುಕನನ್ನನ ಪ್ರವಾಸಗ್ರಂಥವೂ ೧೮೮೩ರ ಗ್ಯಾಸೆಟಿಯರೂ ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಓದಲು ಲಭ್ಯವಿವೆ. ಭಾರತದ ರಾಷ್ಟ್ರೀಯ ಪತ್ರಾಗಾರದ ದಾಖಲೆಗಳ ಸೂಚಿಯನ್ನು ಅಭಿಲೇಖ ಪಟಲವೆಂಬ ತಾಣದಲ್ಲಿ ಶೋಧಿಸಬಹುದು. ಕರ್ನಾಟಕ ಸರ್ಕಾರದ ಭೂಮಿ ಯೋಜನೆಯು ಈ ಶತಮಾನದ ಆರಂಭದಲ್ಲಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಹರಿದ್ವಾರದ ಪಂಡರ ವಹಿಗಳನ್ನು ಅಮೆರಿಕದ ಯೂಟಾದ ವಂಶಾವಳಿ ಸಂಘವು ಛಾಯಾಪ್ರತಿ ಮಾಡಿಸಿರುವುದನ್ನು ನೋಡಿದರೆ ಇಂತಹ ಕಾರ್ಯದ ಮಹತ್ವ ಮನವರಿಕೆಯಾದೀತು. ಆದರೂ ಘಟ್ಟದ ಹಳ್ಳಿಯ ಮನೆತನದ ಮಟ್ಟಿಗೆ ಜಾಲತಾಣವು ಬಾಗಿಲನ್ನು ತೋರಿಸುತ್ತದೆ. ಒಳಗಿನ ಕಾಗದವನ್ನು ಕಚೇರಿಗೆ ಹೋಗಿ ನಕಲು ಪಡೆದೇ ಓದಬೇಕು.

ಓದುವಾಗ ಎರಡು ಎಚ್ಚರಿಕೆಗಳು ಅವಶ್ಯ. ಹಳೆಯ ಪತ್ರಗಳ ಕಾಲವು ಶಕ, ಫಸಲಿ, ಸಂವತ್ಸರಗಳಲ್ಲಿರುತ್ತದೆ. ಶಕವರ್ಷಕ್ಕೆ ೭೮ನ್ನೂ ಫಸಲಿಗೆ ೫೯೦ನ್ನೂ ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತವರ್ಷ ದೊರೆಯುತ್ತದೆ. ಸಂವತ್ಸರದ ಹೆಸರು ಮಾತ್ರ ೬೦ ವರ್ಷಗಳಿಗೊಮ್ಮೆ ಮರುಕಳಿಸುವುದರಿಂದ ಬೇರೆ ಆಧಾರವಿಲ್ಲದೆ ಅದನ್ನು ನಂಬಲಾಗದು. ಎರಡನೆಯದಾಗಿ, ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿರುವುದರಿಂದ ಒಂದೇ ಹೆಸರು ಮನೆತನದಲ್ಲಿ ಪುನಃ ಪುನಃ ಬರುತ್ತದೆ. ತಂದೆಯ ಹೆಸರು, ಗ್ರಾಮ, ಸರ್ವೆ ನಂಬರು ಈ ಮೂರೂ ಹೊಂದಿದಾಗಲೇ ವ್ಯಕ್ತಿಯನ್ನು ಗುರುತಿಸುವುದು ಕ್ಷೇಮ.

ಇಷ್ಟೆಲ್ಲ ಶ್ರಮ ಕೇವಲ ಕುಲಾಭಿಮಾನದ ತೃಪ್ತಿಗಾಗಿ ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಮೂರು ತಾಲ್ಲೂಕುಗಳ ಇಂದಿನ ಸ್ಥಿತಿಯೇ ಅದಕ್ಕೆ ಸಮಾಧಾನ. ೨೦೦೬ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ೨೦೦೫ರ ಡಿಸೆಂಬರ್ ೧೩ಕ್ಕೆ ಹಿಂದಿನ ಮೂರು ತಲೆಮಾರುಗಳ, ಎಂದರೆ ೭೫ ವರ್ಷಗಳ ವಾಸವನ್ನು ಸಿದ್ಧಪಡಿಸಬೇಕು. ಯಲ್ಲಾಪುರ ಭಾಗದ ಸಿದ್ದಿಯರು ೨೦೦೩ರಿಂದ ಪರಿಶಿಷ್ಟ ಪಂಗಡದಲ್ಲಿರುವುದರಿಂದ ಅವರಿಗೆ ಈ ನಿರ್ಬಂಧವಿಲ್ಲ. ಉಳಿದವರಲ್ಲಿ ಅನೇಕರ ಅರ್ಜಿಗಳು ಆಧಾರ ಸಾಲದೆಂಬ ಕಾರಣದಿಂದ ತಿರಸ್ಕೃತವಾಗಿವೆ. ಆದರೆ ೨೦೦೮ರ ನಿಯಮಗಳು ಗ್ಯಾಸೆಟಿಯರು, ಸರ್ವೆ ವರದಿ, ನ್ಯಾಯಾಲಯದ ಕಡತಗಳನ್ನಷ್ಟೇ ಅಲ್ಲದೆ ಹಳೆಯ ದಾಖಲೆಯಲ್ಲಿರುವ ವ್ಯಕ್ತಿಗೆ ಸಂಬಂಧವನ್ನು ತೋರಿಸುವ ವಂಶಾವಳಿಯನ್ನೂ, ಬಾವಿ, ಸಮಾಧಿ, ಪವಿತ್ರಸ್ಥಾನಗಳನ್ನೂ, ಅರ್ಜಿದಾರರಲ್ಲದ ಹಿರಿಯರ ಬರೆದಿಟ್ಟ ಹೇಳಿಕೆಯನ್ನೂ ಸಾಕ್ಷ್ಯವಾಗಿ ಎಣಿಸುತ್ತವೆ. ಅಜ್ಜನ ಹೆಸರನ್ನು ಬಲ್ಲವನಿಗೆ ಮನೆಯ ನೆಲ ಉಳಿಯಬಹುದಾದ ಕಾಲವಿದು.

ಆದುದರಿಂದ ಕಾರ್ಯದ ಆರಂಭ ಚೆನ್ನೈಯಲ್ಲೂ ಅಲ್ಲ, ಮುಂಬಯಿಯಲ್ಲೂ ಅಲ್ಲ. ಮನೆಯ ಅಟ್ಟದ ಮೇಲೆ. ಹುಣಸೆಬೀಜದ ಅಂಟನ್ನೂ ಇದ್ದಲಪುಡಿಯನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳು, ಗೇಣಿಚೀಟಿಗಳು, ಕಂದಾಯದ ರಸೀದಿಗಳು ಮಲೆನಾಡಿನ ಮಳೆಗೂ ಗೆದ್ದಲಿಗೂ ವರ್ಷವರ್ಷವೂ ಆಹುತಿಯಾಗುತ್ತಿವೆ. ಅವುಗಳನ್ನು ಹೊರತೆಗೆದು ಒಣಗಿಸಿ, ಪ್ರತಿ ಮಾಡಿಸಿ, ಮನೆಯ ಹಿರಿಯರನ್ನು ಕೂರಿಸಿ ಅವರ ಮಾತನ್ನು ದಿನಾಂಕ ಸಹಿತ ಬರೆದುಕೊಳ್ಳುವುದು ಮೊದಲ ಹೆಜ್ಜೆ. ಆ ಮಾತಿನಲ್ಲಿ ಬರುವ ಒಂದು ಊರು, ಒಂದು ಹೆಸರು, ಒಂದು ವರ್ಷ ಇಷ್ಟು ದೊರೆತರೆ ಯಾವ ಪತ್ರಾಗಾರದ ಬಾಗಿಲನ್ನು ತಟ್ಟಬೇಕೆಂಬುದು ತಾನಾಗಿ ತಿಳಿಯುತ್ತದೆ.