ಒಂದೇ ಹೆಸರಿನ ಮೂರು ಹುಣ್ಣು

ಯಾವ ಊರಿನ ಮೆಡಿಕಲ್ ಶಾಪಿಗೆ ಹೋಗಿ ಬಾಯಿ ಹುಣ್ಣಾಗಿದೆ ಎಂದರೂ ಕೈಗೆ ಸಿಗುವುದು ಬಿ ಕಾಂಪ್ಲೆಕ್ಸ್ ಮಾತ್ರೆ. ಡಾಕ್ಟರ ಚೀಟಿ ಬೇಡ, ಬಾಯಿ ತೆರೆದು ತೋರಿಸುವುದೂ ಬೇಡ. ಮನೆಯಲ್ಲಿ ಹೇಳಿದರೆ ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ’ ಎನ್ನುತ್ತಾರೆ. ಎರಡೂ ಉತ್ತರಗಳ ಹಿಂದೆ ಇತಿಹಾಸವಿದೆ, ಎರಡರಲ್ಲೂ ಅಷ್ಟಿಷ್ಟು ಸತ್ಯವೂ ಇದೆ. ತೊಂದರೆ ಇರುವುದು ಹೆಸರಿನಲ್ಲಿ. ‘ಬಾಯಿ ಹುಣ್ಣು’ ಎಂಬ ಒಂದೇ ಮಾತಿನಲ್ಲಿ ನಾವು ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆಗಳನ್ನು ಸೇರಿಸಿದ್ದೇವೆ. ಒಂದಕ್ಕೆ ಮಾತ್ರೆ ಸಾಕು. ಇನ್ನೊಂದಕ್ಕೆ ಅದು ಬೇಕಾಗಿಯೇ ಇಲ್ಲ. ಮೂರನೆಯದಕ್ಕೆ ಮಾತ್ರೆ ನುಂಗುತ್ತ ಕಳೆದ ದಿನಗಳೇ ಜೀವಕ್ಕೆ ಮುಳುವಾಗುತ್ತವೆ.

ಹಳೆಯ ವೈದ್ಯರೂ ಈ ಹುಣ್ಣನ್ನು ಬಲ್ಲವರೇ. ಬಾಯಿಯ ಹುಣ್ಣಿಗೆ ಇಂಗ್ಲಿಷ್ ವೈದ್ಯರು ಇಂದಿಗೂ ಬಳಸುವ ‘ಆಫ್ತಸ್’ ಎಂಬ ಮಾತಿನ ಮೂಲ ಗ್ರೀಕಿನ ಹಿಪೊಕ್ರೆಟಿಸ್‌ ಕಾಲದ ಬರಹಗಳಲ್ಲಿದೆ. ನಮ್ಮ ಸುಶ್ರುತ ಸಂಹಿತೆ ತುಟಿ, ವಸಡು, ಹಲ್ಲು, ನಾಲಿಗೆ ಹೀಗೆ 7 ಜಾಗಗಳಲ್ಲಿ 65 ಮುಖರೋಗಗಳನ್ನು ಎಣಿಸುತ್ತದೆ. ಉರಿಯುವ ಹುಣ್ಣನ್ನು ಅದು ಪಿತ್ತಕ್ಕೆ ಸೇರಿಸುತ್ತದೆ. ನಮ್ಮ ಮನೆಗಳ ‘ಉಷ್ಣ’ ಎಂಬ ಮಾತು ಇದಕ್ಕೆ ಹತ್ತಿರದ್ದು.

ಕೂನೂರಿನಲ್ಲಿ ಸಿಕ್ಕ ಉತ್ತರ

ಮಾತ್ರೆಯ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಪಕ್ಕದ ನೀಲಗಿರಿಯಲ್ಲಿ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಿಬೆರಿ ರೋಗದ ತನಿಖೆಗೆಂದು ಸಣ್ಣ ಘಟಕ ಶುರು ಮಾಡಿದರು. ಅದೇ ಬೆಳೆದು ಪೌಷ್ಟಿಕಾಂಶದ ಪ್ರಯೋಗಾಲಯವಾಯಿತು. 1935ರಲ್ಲಿ ಅದರ ಮುಖ್ಯಸ್ಥರಾಗಿ ಬಂದವರು ಡಬ್ಲ್ಯು. ಆರ್. ಐಕ್ರಾಯ್ಡ್.

ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಅಕ್ಕಿಯನ್ನೇ ಹೆಚ್ಚಾಗಿ ಉಣ್ಣುವ ಬಡಮಕ್ಕಳಲ್ಲಿ ಕಟಬಾಯಿ ಒಡೆದು ಹುಣ್ಣಾಗುವುದು, ನಾಲಿಗೆ ಕೆಂಪಾಗಿ ಉರಿಯುವುದು ಆಗ ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿತ್ತು. ಐಕ್ರಾಯ್ಡ್ ಮತ್ತು ಅವರ ಸಹೋದ್ಯೋಗಿ ಕೃಷ್ಣನ್ ಇಂಥ ಮಕ್ಕಳಿಗೆ ಕೆನೆ ತೆಗೆದ ಹಾಲು, ಯೀಸ್ಟ್ ಕೊಟ್ಟು ನೋಡಿದರು. ಹುಣ್ಣು ಮಾಯಿತು. ಕೊರತೆ ಇದ್ದದ್ದು ಊಟದಲ್ಲಿ. 1938ರಲ್ಲಿ ಅಮೆರಿಕದ ಸೆಬ್ರೆಲ್ ಮತ್ತು ಬಟ್ಲರ್, ರಿಬೊಫ್ಲೇವಿನ್ ಅಂದರೆ ಬಿ2 ವಿಟಮಿನ್ ಕಡಿಮೆಯಾದರೆ ಕಟಬಾಯಿ ಒಡೆಯುತ್ತದೆ ಎಂದು ತೋರಿಸಿದರು.

ಅದಕ್ಕೂ ಮೊದಲೇ, 1928ರಲ್ಲಿ, ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬಯಿಗೆ ಬಂದಿದ್ದರು. ಬಟ್ಟೆ ಗಿರಣಿಯ ಗರ್ಭಿಣಿ ಕೆಲಸಗಾರ್ತಿಯರ ರಕ್ತಹೀನತೆಗೆ ಅವರು ಕಂಡುಕೊಂಡ ಮದ್ದು ಯೀಸ್ಟಿನ ಸಾರ. ಅದರೊಳಗಿದ್ದ ಅಂಶವೇ ಮುಂದೆ ಫೋಲಿಕ್ ಆಸಿಡ್ ಎಂದು ಹೆಸರಾಯಿತು. ಫೋಲಿಕ್ ಆಸಿಡ್, ಬಿ12, ಕಬ್ಬಿಣದ ಅಂಶ ಕಡಿಮೆಯಾದವರಲ್ಲೂ ನಾಲಿಗೆ ಉರಿ, ಬಾಯಿ ಹುಣ್ಣು ಕಾಣುತ್ತದೆ. ಮಲೆನಾಡಿನ ಗಣಿಕೆ ಸೊಪ್ಪಿನ ತಂಬುಳಿಯನ್ನು ಈಗ ಮತ್ತೊಮ್ಮೆ ನೋಡಿ. ಮಜ್ಜಿಗೆಯಲ್ಲಿ ಬಿ2 ಇದೆ, ಹಸಿರು ಸೊಪ್ಪಿನಲ್ಲಿ ಫೋಲಿಕ್ ಆಸಿಡ್ ಇದೆ. ಅಜ್ಜಿ ಕೊಟ್ಟ ಕಾರಣ ಏನೇ ಇರಲಿ, ಬಟ್ಟಲಲ್ಲಿ ಕೊಟ್ಟದ್ದು ಒಳ್ಳೆಯದೇ.

ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ.

ಬಂದು ಹೋಗುವ ಹುಣ್ಣು

ಚೆನ್ನಾಗಿ ಉಂಡು ತಿಂದವರಿಗೂ ಹುಣ್ಣಾಗುತ್ತದೆ. ಕೆನ್ನೆಯ ಒಳಗೆ, ನಾಲಿಗೆಯ ಅಂಚಿಗೆ, ನಡುವೆ ಬಿಳಿಯಾಗಿ ಸುತ್ತ ಕೆಂಪಾಗಿ ಏಳುವ ಈ ಸಣ್ಣ ಹುಣ್ಣನ್ನು 1898ರಲ್ಲಿ ಮಿಕುಲಿಟ್ಸ್ ಎಂಬ ಶಸ್ತ್ರಚಿಕಿತ್ಸಕ ಕ್ಯುಮೆಲ್ ಜೊತೆಗೂಡಿ ವಿವರವಾಗಿ ಬರೆದಿಟ್ಟರು. 1937ರಲ್ಲಿ ಇಸ್ತಾಂಬುಲ್‌ನ ಚರ್ಮವೈದ್ಯ ಹುಲುಸಿ ಬೆಹ್ಚೆಟ್, ಬಾಯಿಯ ಜೊತೆಗೆ ಜನನಾಂಗದಲ್ಲೂ ಹುಣ್ಣಾಗಿ ಕಣ್ಣು ಕೆಂಪಾಗಿ ಊದಿಕೊಂಡರೆ ಅದು ಬೇರೆಯದೇ ಕಾಯಿಲೆ ಎಂದು ಗುರುತಿಸಿದರು.

ಸಾಮಾನ್ಯ ಹುಣ್ಣಿಗೆ ಇದೇ ಕಾರಣ ಎಂದು ಒಂದನ್ನೇ ತೋರಿಸಲು ವೈದ್ಯವಿಜ್ಞಾನಕ್ಕೆ ಇನ್ನೂ ಆಗಿಲ್ಲ. ಹಲ್ಲು ತಾಗಿದ ಗಾಯ, ನಿದ್ದೆಗೇಡು, ಮನಸ್ಸಿನ ಒತ್ತಡ, ಮನೆತನದಲ್ಲೇ ಬಂದ ಗುಣ ಇವೆಲ್ಲ ಸೇರಿರುತ್ತವೆ. 7ರಿಂದ 14 ದಿನದಲ್ಲಿ ಅದು ತಾನಾಗಿ ಮಾಯುತ್ತದೆ. ಉಪ್ಪುನೀರು ಮುಕ್ಕಳಿಸಿದರೆ ಹಿತ. ತುಂಬಾ ನೋವಿದ್ದರೆ ವೈದ್ಯರು ಹಚ್ಚಲು ಸ್ಟೀರಾಯ್ಡ್ ಮುಲಾಮು ಕೊಡುತ್ತಾರೆ. ದಿನವೂ ಮಲ್ಟಿವಿಟಮಿನ್ ನುಂಗಿದರೂ ಇಂಥ ಹುಣ್ಣು ಮರುಕಳಿಸುವುದು ಕಡಿಮೆಯಾಗಲಿಲ್ಲ ಎಂದು 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದು ಹೇಳಿತು. ಮಾತ್ರೆ ನುಂಗಿದ ವಾರಕ್ಕೆ ಹುಣ್ಣು ವಾಸಿಯಾದಾಗ ಹೆಸರು ಮಾತ್ರೆಗೆ ಬರುತ್ತದೆ, ಅಷ್ಟೆ.

ಮಾಯದ ಹುಣ್ಣು

ಮೂರನೆಯ ಹುಣ್ಣಿನ ಚರಿತ್ರೆಯೂ ದಕ್ಷಿಣದ್ದೇ. ಆಗಿನ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯ ಬೆಂಟಾಲ್ ಎಂಬ ವೈದ್ಯ 1908ರಲ್ಲಿ 1,700 ಕ್ಯಾನ್ಸರ್ ಪ್ರಕರಣಗಳ ವರದಿ ಪ್ರಕಟಿಸಿದರು. ಬಾಯಿಯ ಕ್ಯಾನ್ಸರಿಗೂ ಎಲೆಅಡಿಕೆ-ಹೊಗೆಸೊಪ್ಪಿಗೂ ಇರುವ ನಂಟು ಅಷ್ಟು ಹಿಂದೆಯೇ ವೈದ್ಯರ ಕಣ್ಣಿಗೆ ಬಿದ್ದಿತ್ತು. 1952ರಲ್ಲಿ ಕೀನ್ಯಾದಲ್ಲಿದ್ದ 5 ಭಾರತೀಯ ಮಹಿಳೆಯರಲ್ಲಿ ಶ್ವಾರ್ಟ್ಸ್ ಎಂಬವರು ಬಾಯಿಯ ಒಳಚರ್ಮ ಬಿಗಿದುಕೊಂಡು ಬಾಯಿ ತೆರೆಯಲಾಗದ ಸ್ಥಿತಿಯನ್ನು ಗುರುತಿಸಿದರು. ಅಡಿಕೆ, ಗುಟ್ಕಾ ಜಗಿಯುವ ಹುಡುಗರಲ್ಲಿ ಖಾರ ತಾಗಿದರೆ ಬಾಯಿ ಉರಿ, ಪದೇ ಪದೇ ಹುಣ್ಣು ಎಂದು ಶುರುವಾಗುವುದು ಇದೇ ಕಾಯಿಲೆ.

2004ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ತಂಬಾಕು ಸೇರಿಸದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದಿತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಈಗ ಪಾನ್ ಮಸಾಲೆಯದೊಂದು, ತಂಬಾಕಿನದೊಂದು ಪೊಟ್ಟಣ ಪಕ್ಕಪಕ್ಕದಲ್ಲೇ ನೇತಾಡುತ್ತವೆ, ಕೊಂಡವರೇ ಬೆರೆಸಿಕೊಳ್ಳುತ್ತಾರೆ. ಅಡಿಕೆ ಧಾರಣೆ ಏರಿದರೆ ಊರಿಗೆ ಊರೇ ನಗುವ ಜಿಲ್ಲೆಗಳಲ್ಲಿ ಕೂತು ಇದನ್ನು ಬರೆಯುವುದು ಸುಲಭವಲ್ಲ. ಆದರೆ ಜಗಿಯುವ ಹುಡುಗನೂ ಅದೇ ಊರಿನವನು.

ಧೈರ್ಯ ಕೊಡುವ ಸಂಗತಿಯೂ ಇದೆ. 1996ರಿಂದ ಕೇರಳದ ತಿರುವನಂತಪುರ ಜಿಲ್ಲೆಯ 13 ಪಂಚಾಯ್ತಿಗಳಲ್ಲಿ ಡಾ. ಶಂಕರನಾರಾಯಣನ್ ತಂಡ ದೊಡ್ಡ ಅಧ್ಯಯನ ನಡೆಸಿತು. ವೈದ್ಯಕೀಯ ಓದದ ಸಾಮಾನ್ಯ ಪದವೀಧರರಿಗೆ ತರಬೇತಿ ಕೊಟ್ಟು, ಅರ್ಧದಷ್ಟು ಪಂಚಾಯ್ತಿಗಳಲ್ಲಿ ಮನೆಮನೆಗೆ ಕಳಿಸಿ 35 ದಾಟಿದವರ ಬಾಯಿ ಪರೀಕ್ಷಿಸಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿದದ್ದು 2005ರ ವರದಿಯಲ್ಲಿ ಕಂಡಿತು. ಬೇಕಾದದ್ದು ಬೆಳಕು ಮತ್ತು ಬಾಯಿ ತೆರೆಸಿ ನೋಡುವ ವ್ಯವಧಾನ.

ಹಾಗಾಗಿ ಹುಣ್ಣು ಎಂದವರಿಗೆ ಮೊದಲು ಕೇಳಬೇಕಾದದ್ದು ‘ಎಷ್ಟು ದಿನವಾಯಿತು?’ ಎಂದು. ಎರಡು ವಾರ ದಾಟಿದ ಹುಣ್ಣು, ನೋವಿಲ್ಲದೆ ಅಂಚು ಗಟ್ಟಿಯಾದ ಹುಣ್ಣು, ಕೆರೆದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ಬೆರಳು ತೂರದಷ್ಟು ಬಿಗಿದ ಬಾಯಿ: ಇವುಗಳಲ್ಲಿ ಯಾವುದೊಂದು ಇದ್ದರೂ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಿ. ಜಗಿಯುವ ಅಭ್ಯಾಸವಿದ್ದರೆ ಅಂದೇ ಹೊರಡಿ.