ಹಾವು ಸಾಯಬೇಕು, ಕೋಲು ಮುರಿಯಬಾರದು



ಪುಣೆಯಲ್ಲಿರುವ ನಿಮ್ಮಲ್ಲಿ ಹಲವರು ಮಳೆಗಾಲದ ಯಾವುದೋ ಭಾನುವಾರ ಖಡಕವಾಸ್ಲಾ ಕೆರೆಯ ದಂಡೆಯಲ್ಲಿ ನಿಂತು ಸುಟ್ಟ ಜೋಳದ ತೆನೆ ತಿಂದಿರುತ್ತೀರಿ. ಮುಂದಿನ ಸಲ ಹೋದಾಗ ಐದು ನಿಮಿಷ ಹೆಚ್ಚಿಗೆ ನಿಲ್ಲಿ. ಸುಮಾರು 120 ವರ್ಷಗಳ ಹಿಂದೆ ಇದೇ ನೀರನ್ನು ನೋಡುತ್ತಾ ಒಬ್ಬ ಕನ್ನಡಿಗ ಎಂಜಿನಿಯರ್ ತಲೆ ಕೆಡಿಸಿಕೊಂಡಿದ್ದರು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲೇ ಎಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದವರು. ಯಾರೆಂದು ನಿಮಗಾಗಲೇ ಗೊತ್ತಾಗಿದೆ... ಹೌದು, ನಮ್ಮ ವಿಶ್ವೇಶ್ವರಯ್ಯನವರೇ!

ಅವರ ಶಿಸ್ತು, ಅವರ ಪೇಟ, ಅವರ ಸಮಯಪಾಲನೆಯ ಬಗ್ಗೆ ಚಿಕ್ಕಂದಿನಿಂದ ಕೇಳಿದ್ದೇವೆ. ಆದರೆ ಅವರು ಯೋಚನೆ ಮಾಡುತ್ತಿದ್ದ ರೀತಿಯ ಬಗ್ಗೆ ನಾವು ಮಾತಾಡುವುದು ಕಡಿಮೆ. ಹೊಸ ವಿಚಾರ ಎಲ್ಲಿಂದ ಬರುತ್ತದೆ? ಅದು ದೇವರು ಕೊಟ್ಟ ವರವೇ, ಅಥವಾ ಕಲಿಯಬಹುದಾದ ಕೆಲಸವೇ? ಇವತ್ತು ಈ ಪ್ರಶ್ನೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ ಬನ್ನಿ.

ಮೊದಲು ಖಡಕವಾಸ್ಲಾದ ಸಮಸ್ಯೆ ಏನೆಂದು ತಿಳಿಯೋಣ. ಊರಲ್ಲಿ ಕೆರೆ ಕೋಡಿ ಬೀಳುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಆಗ ಲೇಕ್ ಫೈಫ್ ಎಂದು ಕರೆಯುತ್ತಿದ್ದ ಈ ಕೆರೆಯಲ್ಲಿ ಮಳೆಗಾಲದ ನೆರೆ ಕೋಡಿಯ ಮೇಲೆ ಆರರಿಂದ ಎಂಟು ಅಡಿ ಎತ್ತರಕ್ಕೆ ಹರಿಯುತ್ತಿತ್ತು. ಮಳೆ ನಿಂತ ಮೇಲೆ ನೀರು ಮತ್ತೆ ಕೋಡಿಯ ಮಟ್ಟಕ್ಕೆ ಇಳಿಯುತ್ತಿತ್ತು. ಅಷ್ಟು ನೀರು ಪ್ರತಿ ವರ್ಷ ಸುಮ್ಮನೆ ಹರಿದು ಹೋಗುತ್ತಿತ್ತು. ಬೇಸಗೆ ಬಂದರೆ ನೀರಿಗೆ ಪರದಾಟ.

ಕೋಡಿಯನ್ನೇ ಎಂಟು ಅಡಿ ಎತ್ತರಿಸಿದರೆ? ಮುಂದಿನ ನೆರೆ ಆ ಹೊಸ ಕೋಡಿಯ ಮೇಲೂ ಎಂಟು ಅಡಿ ಏರುತ್ತದೆ. ಹಳೆಯ ಕಟ್ಟೆ ಅದನ್ನು ತಾಳಲಾರದು. ಹಾಗಾದರೆ ನಾಲ್ಕು ಅಡಿ ಎತ್ತರಿಸೋಣವೇ? ಅರ್ಧ ನೀರು, ಅರ್ಧ ಭಯ! ಬಾಗಿಲುಗಳನ್ನಿಟ್ಟು ತೆಗೆದು ಹಾಕಲು ಆಳುಗಳನ್ನು ನೇಮಿಸಿದರೆ? ನಡುರಾತ್ರಿ ನೆರೆ ಬಂದು, ಕಾವಲುಗಾರ ಒಂದು ಗಂಟೆ ತಡಮಾಡಿದರೆ ಕಟ್ಟೆಯ ಗತಿಯೇನು?

ಇಲ್ಲಿ ನಮ್ಮ ಗಾದೆಯೊಂದು ನೆನಪಾಗುತ್ತದೆ. ಇದನ್ನು ನಮ್ಮಲ್ಲಿ ಎರಡು ರೀತಿ ಹೇಳುತ್ತಾರೆ, ಗಮನಿಸಿದ್ದೀರಾ? ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎನ್ನುವವರು ಕೆಲವರು. ಅದು ರಾಜಿಯ ಮಾತು. ನಾಲ್ಕು ಅಡಿ ಎತ್ತರಿಸುವ ಉಪಾಯ ಈ ಜಾತಿಯದು. ‘ಹಾವು ಸಾಯಬೇಕು, ಕೋಲು ಮುರಿಯಬಾರದು’ ಎನ್ನುವವರು ಇನ್ನು ಕೆಲವರು. ಅವರಿಗೆ ಎರಡೂ ಪೂರ್ತಿಯಾಗಿ ಬೇಕು. ಹೊಸತನ್ನು ಕಂಡುಹಿಡಿದವರಲ್ಲಿ ಬಹಳಷ್ಟು ಮಂದಿ ಈ ಎರಡನೆಯ ಗಾದೆಯವರು.

ವಿಶ್ವೇಶ್ವರಯ್ಯನವರಿಗೂ ಎರಡೂ ಬೇಕಿತ್ತು. ಮಳೆ ಕಡಿಮೆಯಾದಾಗ ಕೋಡಿ ಎತ್ತರವಾಗಿರಬೇಕು, ನೆರೆ ಬಂದಾಗ ತಗ್ಗಾಗಿರಬೇಕು. ಗೋಡೆಗೆ ಇದು ಸಾಧ್ಯವಿಲ್ಲ, ಬಾಗಿಲಿಗೆ ಸಾಧ್ಯ. ಬಾಗಿಲು ತೆಗೆಯುವವರು ಯಾರು? ನೆರೆಯ ಹೊತ್ತಿಗೆ ತಪ್ಪದೆ ಅಲ್ಲಿ ಹಾಜರಿರುವ ಕೆಲಸಗಾರ ಒಬ್ಬನೇ: ನೀರು! ಹಳೆಯ ನೆರೆಯ ಗುರುತಿನವರೆಗೆ ನೀರನ್ನು ಹಿಡಿದಿಟ್ಟು, ಅದನ್ನು ಮೀರಿದರೆ ನೀರಿನ ಬಲದಿಂದಲೇ ತೆರೆದುಕೊಳ್ಳುವ, ಇಳಿದ ಮೇಲೆ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರಚಿಸಿದರು. 1903ರ ಹೊತ್ತಿಗೆ ಅವು ಕೆಲಸ ಮಾಡತೊಡಗಿದವು. ಕಟ್ಟೆಯನ್ನು ಎತ್ತರಿಸದೆಯೇ ಕೆರೆಯಲ್ಲಿ ನಿಲ್ಲುವ ನೀರು ಸುಮಾರು ಶೇಕಡ 25ರಷ್ಟು ಹೆಚ್ಚಿತು. ಈ ರಚನೆಗೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ನಮ್ಮ ಕನ್ನಂಬಾಡಿಗೂ ಇದೇ ಬಗೆಯ ಬಾಗಿಲು ಬಂತು. (1961ರ ಜುಲೈ 12ರಂದು ಮೇಲಿನ ಪಾನ್‌ಶೆತ್ ಅಣೆಕಟ್ಟು ಒಡೆದಾಗ ಖಡಕವಾಸ್ಲಾ ಕಟ್ಟೆಯೂ ಒಡೆಯಿತು. ನೀವು ಇಂದು ನೋಡುವುದು ಆಮೇಲೆ ಸರಿಪಡಿಸಿದ್ದನ್ನು.)

ವಿಶ್ವೇಶ್ವರಯ್ಯನವರು ಈ ಯೋಚನೆಯ ದಾರಿಯನ್ನು ಒಂದು ನಿಯಮಾವಳಿಯಾಗಿ ಬರೆದಿಡಲಿಲ್ಲ. ಅಂಥ ನಿಯಮಗಳನ್ನು ಹುಡುಕುವ ಕೆಲಸ ಮುಂದೆ ಬೇರೆ ಎರಡು ದೇಶಗಳಲ್ಲಿ ನಡೆಯಿತು. ಒಂದು ಅಮೆರಿಕದ ಜಾಹೀರಾತು ಕಚೇರಿಯಲ್ಲಿ, ಇನ್ನೊಂದು ಸೋವಿಯತ್ ಒಕ್ಕೂಟದಲ್ಲಿ.

ಅಮೆರಿಕದ ಕಥೆ ನಿಮ್ಮ ಆಫೀಸಿಗೂ ಬಂದಿದೆ. ಬಿಬಿಡಿಓ ಎಂಬ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್ 1939ರ ಸುಮಾರಿಗೆ ತಮ್ಮ ಜನರನ್ನು ಒಟ್ಟಿಗೆ ಕೂರಿಸಿ ಐಡಿಯಾ ಹೇಳಿಸುವ ಪದ್ಧತಿ ಶುರು ಮಾಡಿದರು. ಅದೇ ‘ಬ್ರೈನ್‌ಸ್ಟಾರ್ಮಿಂಗ್’. ಅವರ ನಿಯಮ ನಾಲ್ಕೇ: ಯಾರ ಮಾತನ್ನೂ ಟೀಕಿಸಬೇಡಿ, ಹುಚ್ಚು ವಿಚಾರವನ್ನೂ ಸ್ವಾಗತಿಸಿ, ಸಂಖ್ಯೆ ಹೆಚ್ಚಿಸಿ, ಒಬ್ಬರ ವಿಚಾರಕ್ಕೆ ಇನ್ನೊಬ್ಬರು ಸೇರಿಸಿ. 1953ರಲ್ಲಿ ಬಂದ ಅವರ ‘ಅಪ್ಲೈಡ್ ಇಮ್ಯಾಜಿನೇಷನ್’ ಪುಸ್ತಕದ ನಂತರ ಇದು ಜಗತ್ತಿನ ಕಚೇರಿಗಳಿಗೆಲ್ಲ ಹಬ್ಬಿತು.

ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಟೇಲರ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿ ನೋಡಿದರು. ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ ವಿಚಾರಗಳಿಗಿಂತ, ನಾಲ್ಕು ಜನ ಬೇರೆ ಬೇರೆಯಾಗಿ ಕೂತು ಬರೆದ ವಿಚಾರಗಳನ್ನು ಕೂಡಿಸಿದಾಗ ಸಿಕ್ಕಿದ್ದು ಹೆಚ್ಚುಕಡಿಮೆ ಎರಡು ಪಟ್ಟು!

ಯಾಕೆ ಹೀಗೆ? ಮೀಟಿಂಗಿನಲ್ಲಿ ಕೂತ ಯಾರನ್ನಾದರೂ ಕೇಳಿ. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಾಗ ಅರ್ಧ ಮರೆತು ಹೋಗುತ್ತದೆ. ಸಾಹೇಬರು ಒಂದು ಹೇಳಿದ ಮೇಲೆ ಉಳಿದವರು ಅದರ ಸುತ್ತಲೇ ತಿರುಗುತ್ತಾರೆ. ಇನ್ನು ನಮ್ಮಂಥವರಿಗೆ ಇನ್ನೊಂದು ತೊಡಕು ಇದ್ದೇ ಇದೆ. ವಿಚಾರ ಹುಟ್ಟುವುದು ಕನ್ನಡದಲ್ಲಿ, ಮೀಟಿಂಗ್ ನಡೆಯುವುದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ಮನಸ್ಸಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ. ಸುಮ್ಮನಿದ್ದವರಲ್ಲಿ ವಿಚಾರವಿಲ್ಲ ಎಂದು ತಿಳಿದು ಅದೆಷ್ಟು ಒಳ್ಳೆಯ ಉಪಾಯಗಳು ಹಾಳಾಗಿವೆಯೋ!

ಈಗ ಎರಡನೆಯ ಕಥೆ. ಗೆನ್ರಿಖ್ ಆಲ್ಟ್‌ಶುಲ್ಲರ್ 1926ರಲ್ಲಿ ತಾಷ್ಕೆಂಟಿನಲ್ಲಿ ಹುಟ್ಟಿ ಬಾಕುವಿನಲ್ಲಿ ಬೆಳೆದವರು. 1946ರ ಸುಮಾರಿಗೆ ಕ್ಯಾಸ್ಪಿಯನ್ ನೌಕಾದಳದಲ್ಲಿ ಆವಿಷ್ಕಾರಗಳ ಅರ್ಜಿ ಪರಿಶೀಲಿಸುವ ಕೆಲಸ ಸಿಕ್ಕಿತು. ಆಗ ಅವರಿಗಿನ್ನೂ ಇಪ್ಪತ್ತು. ಆವಿಷ್ಕಾರಕರಿಗೆ ನೆರವಾಗಲು ಮನಶ್ಶಾಸ್ತ್ರದ ಪುಸ್ತಕ ತೆಗೆದರೆ ಪ್ರತಿಭೆ, ಸ್ಫೂರ್ತಿ, ಅದೃಷ್ಟ ಎಂಬ ಮಾತುಗಳಷ್ಟೇ. ಆಗ ಅವರು ಮನುಷ್ಯರನ್ನು ಬಿಟ್ಟು ಪೇಟೆಂಟುಗಳನ್ನೇ ಓದತೊಡಗಿದರು. ಮುಂದೆ ಅದು ಸಾವಿರಗಟ್ಟಲೆಗೆ ಮುಟ್ಟಿತು. ಓದುತ್ತಾ ಹೋದಂತೆ ಒಂದು ಸಂಗತಿ ಕಂಡಿತು. ಒಳ್ಳೆಯ ಆವಿಷ್ಕಾರಗಳ ಹಿಂದೆ ಸಾಮಾನ್ಯವಾಗಿ ಒಂದು ವಿರೋಧ ಇರುತ್ತದೆ: ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಗಟ್ಟಿ ಮಾಡಿದರೆ ಭಾರ, ಹಗುರ ಮಾಡಿದರೆ ಮುರಿಯುತ್ತದೆ. ಆ ವಿರೋಧವನ್ನು ಬಿಡಿಸುವ ಉಪಾಯಗಳು ಕೆಲವೇ. ಹಡಗು, ಗಡಿಯಾರ, ಗಿರಣಿ ಎಂದು ಕ್ಷೇತ್ರ ಬೇರೆಯಾದರೂ ಅವೇ ಮತ್ತೆ ಮತ್ತೆ ಬರುತ್ತವೆ.

1948ರಲ್ಲಿ ಅವರು ಗೆಳೆಯ ರಫಾಯೆಲ್ ಶಪಿರೋ ಜೊತೆ ಸೇರಿ ದೇಶದಲ್ಲಿ ಆವಿಷ್ಕಾರದ ಸ್ಥಿತಿ ಸರಿಯಿಲ್ಲ ಎಂದು ನೇರವಾಗಿ ಸ್ಟಾಲಿನ್‌ಗೇ ಪತ್ರ ಬರೆದರು. 1950ರಲ್ಲಿ ಬಂಧನವಾಯಿತು. 25 ವರ್ಷಗಳ ಶಿಕ್ಷೆ!

ವಿಚಾರಣೆಯ ದಿನಗಳದ್ದೆಂದು ಅವರ ಬದುಕಿನ ಬಗ್ಗೆ ಬರೆದವರು ಒಂದು ಪ್ರಸಂಗ ಹೇಳುತ್ತಾರೆ. ರಾತ್ರಿಯಿಡೀ ವಿಚಾರಣೆ, ಹಗಲಲ್ಲಿ ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ನಿದ್ದೆಗೆಟ್ಟ ಮನುಷ್ಯ ಯಾವ ಕಾಗದಕ್ಕಾದರೂ ಸಹಿ ಹಾಕಿಯಾನು. ಆಲ್ಟ್‌ಶುಲ್ಲರ್ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಹೇಳಿಕೊಂಡರು: ಕಣ್ಣು ಮುಚ್ಚಿರಬೇಕು, ಕಣ್ಣು ತೆರೆದಿರಬೇಕು. ಸಿಗರೇಟು ಪೊಟ್ಟಣದ ಕಾಗದ ಹರಿದು, ಸುಟ್ಟ ಬೆಂಕಿಕಡ್ಡಿಯಿಂದ ಅದರ ಮೇಲೆ ಕಣ್ಣಿನ ಗುಡ್ಡೆ ಬರೆದು, ರೆಪ್ಪೆಗೆ ಅಂಟಿಸಿಕೊಂಡರು. ಬಾಗಿಲ ಕಿಂಡಿಯಿಂದ ನೋಡುವವನಿಗೆ ಕಣ್ಣು ತೆರೆದಿದೆ, ಒಳಗಿರುವವರಿಗೆ ನಿದ್ದೆ! ಸಂಗಾತಿ ಖೈದಿ ಎದುರಿಗೆ ಓಡಾಡುತ್ತಾ ಮಾತಾಡುತ್ತಿರುವಂತೆ ನಟಿಸುತ್ತಿದ್ದನಂತೆ.

ಆಮೇಲೆ ಉತ್ತರಧ್ರುವ ವೃತ್ತದಾಚೆಯ ವೊರ್ಕುತಾ ಶಿಬಿರ. ಅಲ್ಲಿ ಬಂಧನದಲ್ಲಿದ್ದ ವಿದ್ವಾಂಸರೇ ಅವರಿಗೆ ಮೇಷ್ಟರಾದರು. 1953ರಲ್ಲಿ ಸ್ಟಾಲಿನ್ ತೀರಿಕೊಂಡರು, 1954ರಲ್ಲಿ ಇವರ ಬಿಡುಗಡೆಯಾಯಿತು. 1956ರಲ್ಲಿ ಶಪಿರೋ ಜೊತೆ ಬರೆದ ಮೊದಲ ಲೇಖನ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1971ರ ಹೊತ್ತಿಗೆ ಉಪಾಯಗಳ ಪಟ್ಟಿ 40ಕ್ಕೆ ನಿಂತಿತು. ರಷ್ಯನ್ ಹೆಸರಿನ ಮೊದಲಕ್ಷರಗಳಿಂದ ಈ ಶಾಸ್ತ್ರವನ್ನು ‘ಟ್ರಿಜ್’ ಎನ್ನುತ್ತಾರೆ. ಆವಿಷ್ಕಾರದ ಸಮಸ್ಯೆಗಳನ್ನು ಬಿಡಿಸುವ ಸಿದ್ಧಾಂತ ಎಂದು ಅರ್ಥ. 1998ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅದು ಹೊರದೇಶಗಳ ಕಂಪನಿಗಳನ್ನೂ ಮುಟ್ಟಿತ್ತು.

ಆ ನಲವತ್ತು ಉಪಾಯಗಳಲ್ಲಿ ಕೆಲವನ್ನು ಓದಿದರೆ ನಿಮಗೆ ನಗು ಬಂದೀತು. ‘ಮೊದಲೇ ಮಾಡಿಟ್ಟುಕೋ’ ಎಂಬುದು ಒಂದು. ರಾತ್ರಿಯೇ ಹಿಟ್ಟು ರುಬ್ಬಿಡುವ ನಮ್ಮ ಅಮ್ಮಂದಿರಿಗೆ ಇದನ್ನು ಯಾರು ಹೇಳಿಕೊಡಬೇಕು? ‘ಒಂದರೊಳಗೊಂದು ಇಡು’ ಎಂಬುದು ಇನ್ನೊಂದು. ಅಡುಗೆಮನೆಯ ಡಬ್ಬಿಗಳ ಸಾಲು ನೆನಪಿಸಿಕೊಳ್ಳಿ. ‘ತಿರುಗಾಮುರುಗಾ ಮಾಡಿ ನೋಡು’ ಎಂದೂ ಇದೆ. ಇವುಗಳ ಜೊತೆಗೇ ಎರಡು ಉಪಾಯಗಳಿವೆ: ‘ವಸ್ತು ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳಲಿ’ ಮತ್ತು ‘ಕೇಡನ್ನೇ ಒಳಿತಿಗೆ ಬಳಸು’.

ಈಗ ವಿಶ್ವೇಶ್ವರಯ್ಯನವರ ಕಡೆಗೆ ಹಿಂತಿರುಗಿ ನೋಡಿ. ನೆರೆಯೇ ಬಾಗಿಲು ತೆಗೆದ ಖಡಕವಾಸ್ಲಾ ಮೊದಲ ಉಪಾಯಕ್ಕೆ ಉದಾಹರಣೆ. ಅದಕ್ಕೂ ಮುಂಚೆ, 1894–95ರಲ್ಲಿ, ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಸಿಂಧ್‌ನ ಸುಕ್ಕೂರಿನಲ್ಲಿ ಅವರು ಕುಡಿಯುವ ನೀರಿನ ಕೆಲಸ ವಹಿಸಿಕೊಂಡಿದ್ದರು. ಸಿಂಧೂ ನದಿಯ ನೀರು ಕೆಸರು, ಶೋಧಿಸುವ ತೊಟ್ಟಿ ಕಟ್ಟಲು ಊರಿನ ಬಳಿ ಹಣವಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದ ನೀರು ತಾನೇ ತಿಳಿಯಾಗಿ ಬಂತು. ನದಿಯೇ ಶೋಧಕ!

ಎರಡನೆಯ ಉಪಾಯಕ್ಕೆ ಹೈದರಾಬಾದಿನ ಗೆಳೆಯರೇ ಸಾಕ್ಷಿ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮ ಸರ್ಕಾರ ಕರೆಸಿದ ಮೇಲೆ 1909ರಲ್ಲಿ ವಿಶ್ವೇಶ್ವರಯ್ಯನವರು ಬಂದು, ನೆರೆಯನ್ನು ಊರಿನ ಮೇಲ್ಭಾಗದಲ್ಲೇ ತಡೆಯುವ ಜಲಾಶಯಗಳನ್ನು ಸೂಚಿಸಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಊರನ್ನು ಕೊಂದ ನೀರೇ ಊರಿಗೆ ಕುಡಿಯುವ ನೀರಾಯಿತು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪಟ್ಟಿ ಬಾಯಿಪಾಠ ಮಾಡಿದ ಮಾತ್ರಕ್ಕೆ ಯಾರೂ ವಿಶ್ವೇಶ್ವರಯ್ಯ ಆಗುವುದಿಲ್ಲ. ಕೋಡಿಯ ಮೇಲೆ ನೀರು ಎಷ್ಟು ಅಡಿ ಏರುತ್ತದೆ, ಕಟ್ಟೆ ಎಷ್ಟು ತಾಳುತ್ತದೆ ಎಂಬುದು ಅವರಿಗೆ ಅಳತೆ ಸಮೇತ ಗೊತ್ತಿತ್ತು. ನಿಯಮ ಕೆಲಸಕ್ಕೆ ಬರುವುದು ತನ್ನ ಕೆಲಸ ತಿಳಿದವರಿಗೆ.

ಹಾಗಾದರೆ ನಾಳೆ ಬೆಳಗ್ಗೆ ನೀವೇನು ಮಾಡಬಹುದು? ಮನೆಯದೋ ಆಫೀಸಿನದೋ ಒಂದು ಸಮಸ್ಯೆ ತೆಗೆದುಕೊಳ್ಳಿ. ಮೊದಲು ಒಬ್ಬರೇ ಕೂತು ಬರೆಯಿರಿ, ಅದೂ ಕನ್ನಡದಲ್ಲೇ ಬರೆಯಿರಿ. ‘ಇದು ಹೀಗಿರಬೇಕು, ಹೀಗಿರಲೂಬಾರದು’ ಎಂದು ಇಕ್ಕಟ್ಟನ್ನು ಎರಡು ಸಾಲಿನಲ್ಲಿ ಹೇಳಿ. ಅರ್ಧಕ್ಕೆ ಒಪ್ಪಿಕೊಳ್ಳುವ ಮುಂಚೆ ಕೇಳಿಕೊಳ್ಳಿ: ಎರಡೂ ಒಂದೇ ಹೊತ್ತಿಗೆ ಬೇಕೇ, ಬೇರೆ ಬೇರೆ ಹೊತ್ತಿಗೆ ಸಾಕೇ? ಒಂದೇ ಜಾಗದಲ್ಲಿ ಬೇಕೇ? ಬಿಟ್ಟಿಯಾಗಿ ಅಲ್ಲೇ ಇರುವ, ನೀವು ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸಗಾರ ಯಾರಾದರೂ ಇದ್ದಾರೆಯೇ? ಇಷ್ಟಾದ ಮೇಲೆ ನಾಲ್ಕು ಜನರ ಮುಂದಿಡಿ. ಅವರಿಗೂ ಮೊದಲು ಬರೆಯಲು ಹತ್ತು ನಿಮಿಷ ಕೊಡಿ, ಮೂಲೆಯಲ್ಲಿ ಸುಮ್ಮನೆ ಕೂತವರ ಚೀಟಿಯನ್ನು ಮೊದಲು ಓದಿ.

ಆ ಮೂಲೆಯಲ್ಲಿ ಕೂತಿರುವುದು ನೀವೇ ಆಗಿದ್ದರೆ, ಹಿಂಜರಿಯಬೇಡಿ. ನೂರಿಪ್ಪತ್ತು ವರ್ಷಗಳ ಹಿಂದೆ ನಿಮ್ಮಂತೆಯೇ ಊರು ಬಿಟ್ಟು ಬಂದ ಒಬ್ಬರು ಪರಊರಿನ ಕೆರೆಯ ಕೋಡಿಯ ಬಳಿ ನಿಂತು ಯೋಚಿಸಿದ್ದನ್ನು ನೆನೆಸಿಕೊಳ್ಳಿ.

ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ, ಕೇಳುತ್ತಿರಿ, ಯೋಚಿಸುತ್ತಿರಿ!